ಸೆರಗಿನ ಮೇಲೆ ಟೇಪು

ಮೊದಲು ಟೇಪು ಬಿದ್ದದ್ದು ಅಮೀನಪ್ಪನ ಚಪ್ಪಲಿಗೆ.

ಬಾದಾಮಿಯಿಂದ ಗುಳೇದಗುಡ್ಡಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಮೂವತ್ತು ಎಕರೆ ಕಲ್ಲು ನೆಲ. ಅಲ್ಲಿ ಝಂಝಾ ಎಂಬ ಮೋಟರ್ ಸೈಕಲ್ ಕಂಪನಿಯ ರೊಕ್ಕದಲ್ಲಿ ಎರಡು ದಿನದ ಗಾಡಿ ಹಬ್ಬ ಇಟ್ಟಿದ್ದರು. ಶನಿವಾರ, ಭಾನುವಾರ. ಗುರುವಾರದ ತನಕ ಆ ನೆಲಕ್ಕೆ ಬಾಗಿಲಿರಲಿಲ್ಲ. ಕುರಿ, ನಾಯಿ, ಕೂಲಿಯವರು ಎಲ್ಲರೂ ಎಲ್ಲ ಕಡೆಯಿಂದ ಬರುತ್ತಿದ್ದರು. ಶುಕ್ರವಾರ ಬೆಳಗ್ಗೆ ನೀಲಿ ಕಮಾನು ಎದ್ದಿತು. ಕಮಾನಿನ ಕೆಳಗೆ ಮೇಜು ಬಂತು. ಮೇಜಿನ ಮೇಲೆ ಕರಿ ಟೇಪಿನ ಸುರುಳಿಗಳು ಬಂದವು.

ಬಾಗಿಲು ಕಾಯುತ್ತಿದ್ದವನು ಕನಕಪ್ಪ. ಪಕ್ಕದ ಹಳ್ಳಿಯವನು, ಐವತ್ತು ದಾಟಿದವನು, ಮೂರು ದಿನದ ಮಟ್ಟಿಗೆ ನೀಲಿ ಟೋಪಿ ಹಾಕಿಕೊಂಡಿದ್ದ.

"ಕಾಲ ಎತ್ತಪಾ," ಅಂದ ಅಮೀನಪ್ಪನಿಗೆ.

"ಯಾಕ?"

"ಚಪ್ಪಲಿ ಮ್ಯಾಲ ಹೆಸರೈತಿ. ಮುಚ್ಚಬೇಕು."

ಅಮೀನಪ್ಪ ಬಗ್ಗಿ ನೋಡಿದ. ಆರು ವರ್ಷದ ಹಳೇ ಹವಾಯಿ ಚಪ್ಪಲಿ. ಪಟ್ಟಿಯ ಮೇಲೆ ಏನೋ ಅಕ್ಷರ ಇತ್ತು. ಇಷ್ಟು ದಿನ ಅವನೇ ನೋಡಿರಲಿಲ್ಲ.

"ಇವ್ರು ಚಪ್ಪಲಿನೂ ಮಾಡ್ತಾರೇನು?"

"ಮಾಡಂಗಿಲ್ಲ, ಗಾಡಿ ಅಷ್ಟ ಮಾಡ್ತಾರ. ಆದ್ರ ಒಳಗ ಅವ್ರ ಹೆಸರು ಬಿಟ್ಟು ಮತ್ತ್ಯಾವ ಹೆಸರೂ ಕಾಣಬಾರ್ದಂತ."

ಅಮೀನಪ್ಪ ಎಡಗಾಲು ಎತ್ತಿದ. ಆಮೇಲೆ ಬಲಗಾಲು ಎತ್ತಿದ. ಲಾಳ ಹೊಡೆಸಿಕೊಳ್ಳುವ ಕುದುರೆ ಹಾಗೆ ಎತ್ತಲೋ ನೋಡುತ್ತ ನಿಂತ. ಅವನು ಹಿಂದಿನಿಂದಲೂ ಹಾಗೆಯೇ. ಯಾರು ಏನು ಎತ್ತು ಅಂದರೂ ಎತ್ತುತ್ತಾನೆ.

ಅವನ ಅತ್ತಿಗೆ ಶಿವಲಿಂಗವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅವಳದು ಬರಿಗಾಲು. ಮುಚ್ಚಲು ಏನೂ ಇರಲಿಲ್ಲ.

ಇಬ್ಬರೂ ಇಳಕಲ್ಲಿನ ನೇಕಾರರು. ಅವರು ಈ ಗಾಡಿ ಹಬ್ಬಕ್ಕೆ ಬಂದದ್ದು ವಿಜಯಮಹಾಂತೇಶನಿಂದ. ವಿಜಯಮಹಾಂತೇಶ ಅವರ ಓಣಿಯ ಹುಡುಗ, ಈಗ ದೊಡ್ಡ ದೊಡ್ಡ ಕಾರ್ಯಕ್ರಮಗಳಿಗೆ ಪೆಂಡಾಲು, ಕುರ್ಚಿ, ಕೂಲಿಯಾಳು ಒದಗಿಸುವ ಗುತ್ತಿಗೆದಾರ. ತಿಂಗಳ ಹಿಂದೆ ಮನೆಗೆ ಬಂದು ಕೂತು ಚಹಾ ಕುಡಿದ.

"ಯಕ್ಕಾ, ಗಾಡಿ ಹಬ್ಬದವ್ರಿಗೊಂದು ಮಗ್ಗ ಬೇಕಾಗೈತಿ. ಖರೆ ಮಗ್ಗ. ಮಂದಿ ನೋಡ್ಕೋತ ನಿಂತಾಗ ನೀ ನೇಯಬೇಕು."

"ಕುಣಿ ಮಗ್ಗೋ ತಮ್ಮಾ ಇದು. ನೆಲದಾಗ ಐತಿ. ಎತ್ತಾಕ ಬರಂಗಿಲ್ಲ."

"ಕುಣಿ ಅಲ್ಲಿ ತೋಡೂಣು. ಮಗ್ಗ ಟೆಂಪೋದಾಗ ತರೂಣು. ಆದ್ರ ಒಂದು ಮಾತ. ಸೆರಗು ನೇಯೂದ ತೋರಿಸಬೇಕು. ಒಡಲು ಯಾರ ನೋಡ್ತಾರ? ಇಳಕಲ್ಲಂದ್ರ ಸೆರಗು. ಅದನ್ನ ಕೇಳ್ಯಾರ ಅವ್ರು."

ಸೆರಗೇ ಬೇಕು ಅಂತ ಕೇಳಿದವರು ಅವರು. ಇದನ್ನು ನೆನಪಿಡಿ.

ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದೂ ಇರಬಹುದು. ಸೆರಗು ಕೆಂಪು. ಕೆಂಪು ರೇಷ್ಮೆ, ನಡುವೆ ಬಿಳಿ ಪಟ್ಟಿ, ಪಟ್ಟಿಯ ಅಂಚಿಗೆ ಜೋಳದ ತೆನೆ ನಿಲ್ಲಿಸಿದ ಹಾಗೆ ಬಿಳಿ ಮೊನೆಗಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟುವ ಎಳೆಗಳೇ ಹಾಸು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೂಡಿಸಲು ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಯೊಳಗೆ ಕುಣಿಕೆ ಮಾಡಿ ಸಿಕ್ಕಿಸಬೇಕು. ಅದಕ್ಕೆ ಕೊಂಡಿ ಅನ್ನುತ್ತಾರೆ. ಸಾವಿರಗಟ್ಟಲೆ ಎಳೆ. ಕಣ್ಣು ನೀರಾಡುತ್ತವೆ, ಕುತ್ತಿಗೆ ಹಿಡಿಯುತ್ತದೆ, ಬೆರಳ ತುದಿಯ ಚರ್ಮ ಹೋಗುತ್ತದೆ. ಶಿವಲಿಂಗವ್ವ ಹನ್ನೆರಡನೇ ವಯಸ್ಸಿನಿಂದ ಕೊಂಡಿ ಹಾಕುತ್ತಿದ್ದಾಳೆ. ಈಗ ಐವತ್ತೆರಡು.

ಕುಣಿಯಲ್ಲಿ ಕೂತು ನೇಯುವುದು ಆ ಮನೆಯಲ್ಲಿ ಗಂಡಸರ ಕೆಲಸವಾಗಿತ್ತು. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ನೇಯುತ್ತ ನೇಯುತ್ತ ಎದೆ ಹಿಡಿದುಕೊಂಡು ಕುಣಿಯಲ್ಲೇ ಒರಗಿದ. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ಹಿರಿಯರು ಕೂತು ಮಾತಾಡಿ, ಹಾಸು ಕೊಯ್ದು ನೂಲು ಸಾವುಕಾರನಿಗೆ ವಾಪಸು ಕೊಟ್ಟುಬಿಡೋಣ ಅಂದರು. ಶಿವಲಿಂಗವ್ವ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ಅವ್ರು ಹಾಸಿದ್ದನ್ನ ನಾ ಕೊಯ್ಯಂಗಿಲ್ಲ." ದಿನಕರ್ಮ ಮುಗಿದ ಮರುದಿನ ಕುಣಿಗೆ ಇಳಿದಳು. ಗಂಡನ ಕಾಲು ಉದ್ದ, ಇವಳದು ಗಿಡ್ಡ. ತುಳಿಯುವ ಹಲಗೆ ಎಟುಕಲಿಲ್ಲ. ಅಡಿಗೆ ಎರಡು ಇಟ್ಟಿಗೆ ಇಟ್ಟುಕೊಂಡಳು. ಹನ್ನೊಂದು ವರ್ಷದಿಂದ ಆ ಇಟ್ಟಿಗೆ ಮೇಲೆ ಕಾಲಿಟ್ಟೇ ನೇಯುತ್ತಿದ್ದಾಳೆ. ಇಷ್ಟು ವರ್ಷಗಳಲ್ಲಿ ಒಂದು ಹಾಸೂ ನಡುವೆ ಕೊಯ್ದಿಲ್ಲ.

ಗಾಡಿ ಹಬ್ಬದ ನೆಲದಲ್ಲಿ ಕುಣಿ ತೋಡಲು ಎರಡು ದಿನ ಹಿಡಿಯಿತು. ಮೇಲೆ ಒಂದು ಗೇಣು ಕೆಮ್ಮಣ್ಣು, ಕೆಳಗೆ ಬರೀ ಕಲ್ಲು. ಅಮೀನಪ್ಪ ಹಾರೆ ಹಾಕಿದ. ಶಿವಲಿಂಗವ್ವ ಬುಟ್ಟಿಯಲ್ಲಿ ಕಲ್ಲು ಹೊತ್ತು ಹಾಕಿದಳು. ಅಂಗೈ ಒಡೆದವು. ಒಡೆದ ಕೈಗೆ ರೇಷ್ಮೆ ಸಿಕ್ಕಿಕೊಳ್ಳುತ್ತದೆ ಅಂತ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಳು. ಆಳ ಎಷ್ಟಿರಲಿ ಅಂತ ಅಮೀನಪ್ಪ ಕೇಳಿದಾಗ ಅವಳು ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಳು.

"ಇಷ್ಟ. ಇಲ್ಲಿಗೆ ಸಾಕು."

ತನ್ನ ಕಾಲಿನ ಅಳತೆಗೆ ತೋಡಿಸಿದ ಮೊದಲ ಕುಣಿ ಅದು. ಇಟ್ಟಿಗೆ ಬೇಕಾಗಲಿಲ್ಲ.

ಟೆಂಪೋದ ಕುಲುಕಾಟಕ್ಕೆ ಹಾಸಿನಲ್ಲಿ ನೂರಾರು ಎಳೆ ಹರಿದಿದ್ದವು. ಅವನ್ನು ಕೂಡಿಸಲು ಇನ್ನೊಂದು ದಿನ. ನೇಕಾರರು ಎಳೆ ಕೂಡಿಸುವುದು ಗಂಟು ಹಾಕಿ ಅಲ್ಲ. ಬೆರಳಿಗೆ ಬೂದಿ ಮುಟ್ಟಿಸಿ, ತುಸು ಉಗುಳು ಹಚ್ಚಿ ಎರಡು ತುದಿ ಹೊಸೆಯುತ್ತಾರೆ. ಹಿಡಿದರೆ ಬಿಡುವುದಿಲ್ಲ.

ಶುಕ್ರವಾರ ಬೆಳಗ್ಗೆ ಮಗ್ಗ ಸಿದ್ಧವಾಯಿತು. ಅದೇ ಬೆಳಗ್ಗೆ ಟೇಪು ಶುರುವಾಯಿತು.

ಟೇಪಿನ ಯಜಮಾನ ಬೆಂಗಳೂರಿನಿಂದ ಬಂದವನು. ಕಂಪನಿಯ ಹೆಸರು ಕಾಯುವುದೇ ಅವನ ನೌಕರಿ. ಎಲ್ಲರೂ ಬ್ರ್ಯಾಂಡ್ ಸಾಹೇಬ ಅನ್ನುತ್ತಿದ್ದರು. ಕೆಟ್ಟ ಮನುಷ್ಯ ಅಂತ ಯಾರೂ ಹೇಳುವಂತಿಲ್ಲ. ಮಾತಿಗೊಮ್ಮೆ ದಯವಿಟ್ಟು ಅನ್ನುತ್ತಿದ್ದ. ದಯವಿಟ್ಟು ಅನ್ನುತ್ತಲೇ ನೀರಿನ ಟ್ಯಾಂಕರಿನ ಹೆಸರು ಮುಚ್ಚಿಸಿದ. ಟ್ರ್ಯಾಕ್ಟರ್ ಮುಚ್ಚಿಸಿದ. ಮಿರ್ಚಿ ಭಜಿ ಅಂಗಡಿಯ ಒಲೆ, ಅದರ ಸಿಲಿಂಡರು, ಎಣ್ಣೆ ಡಬ್ಬಿ ಮುಚ್ಚಿಸಿದ. ಕುರಿ ಕಾಯುವವನೊಬ್ಬನ ಸೈಕಲ್ಲಿನ ಬಾರು ಮುಚ್ಚಿಸಿದ. ದವಾಖಾನಿ ಗಾಡಿಯ ಟೈರಿನ ಮೇಲೆ ಅಚ್ಚಾಗಿದ್ದ ಹೆಸರಿಗೂ ಟೇಪು ಹಚ್ಚಿಸಿದ. ಗಾಡಿ ಹತ್ತು ಮಾರು ಹೋಗುವುದರಲ್ಲಿ ಟೇಪು ಕಿತ್ತು ಬಂತು. ಮತ್ತೆ ನಿಲ್ಲಿಸಿ ಹಚ್ಚಿಸಿದ. ಕರೆಂಟು ಪೆಟ್ಟಿಗೆಯ ಮೇಲೆ ಅಪಾಯ ಅಂತ ಕೆಂಪು ಫಲಕ ಇತ್ತು. ಅದನ್ನೂ ಮುಚ್ಚಿಸಿದ.

"ಅದು ಹೆಸರಲ್ರಿ, ಅಪಾಯ ಅಂತ ಬರದೈತಿ," ಅಂದ ಕನಕಪ್ಪ.

"ಕೆಂಪು ಮೇಲೆ ಬಿಳಿ ಇದೆ. ದಯವಿಟ್ಟು ಹಾಕಿ."

ಝಂಝಾದ ಬಣ್ಣ ನೀಲಿ. ಅದರ ಎದುರಾಳಿ ಕಂಪನಿಯ ಬಣ್ಣ ಕೆಂಪು, ಅದರ ಮೇಲೆ ಬಿಳಿ ಹಲ್ಲುಗಳ ಗುರುತು. ಆ ಕಂಪನಿಯ ಗಾಡಿ ತಂದವರಿಗೆ ಕಮಾನಿನ ಒಳಗೆ ಜಾಗವಿಲ್ಲ. ಒಂದು ಮೈಲು ದೂರದಲ್ಲಿ ನಿಲ್ಲಿಸಿ ನಡೆದು ಬರಬೇಕು. ಹಬ್ಬದ ಹೆಸರು ಮಾತ್ರ ಎಲ್ಲ ಸವಾರರ ಹಬ್ಬ.

ಹುಚ್ಚವ್ವನ ನೀರೂ ಹೋಯಿತು. ಹುಚ್ಚವ್ವ ಕನಕಪ್ಪನ ಹಳ್ಳಿಯವಳೇ, ಕುರುಬರ ಹೆಣ್ಣುಮಗಳು. ಗಾಡಿ ಓಡುವ ದಾರಿಯ ಕಲ್ಲು ಆರಿಸಲು ಇಪ್ಪತ್ತು ಹೆಂಗಸರನ್ನು ಕರೆತಂದಿದ್ದಳು. ಎಂಟು ದಿನ ಬಗ್ಗಿ ಆರಿಸಿದ್ದರು. ಈಗ ಅವರಿಗೆಲ್ಲ ಸೀರೆಯ ಮೇಲೆ ಹಾಕಿಕೊಳ್ಳಲು ನೀಲಿ ಟೀ ಶರ್ಟು ಕೊಟ್ಟು ಕಸ ಬಳಿಯಲು ಇಟ್ಟುಕೊಂಡಿದ್ದರು. ಹುಚ್ಚವ್ವನ ಕೈಯಲ್ಲಿ ತಂಪು ಪಾನೀಯದ ಹಳೇ ಬಾಟಲಿ, ಒಳಗೆ ಬೋರಿನ ನೀರು. ಬಾಟಲಿಗೆ ಟೇಪು ಸುತ್ತಿದರು. ಆಮೇಲೆ ಯಾರೋ ಬಂದು, ನೀರಿಗೂ ಬೇರೆ ಕಂಪನಿಯ ಜತೆ ಒಪ್ಪಂದ ಆಗಿದೆ, ಹೊರಗಿನ ನೀರು ತರುವಂತಿಲ್ಲ ಅಂದರು. ನೀರು ಚೆಲ್ಲಿದರು. ಟೇಪು ಸುತ್ತಿದ ಖಾಲಿ ಬಾಟಲಿ ವಾಪಸು ಕೊಟ್ಟರು.

"ಇದ್ರಾಗ ಏನ ಕುಡೀಲಿ?" ಅಂದಳು ಹುಚ್ಚವ್ವ.

"ಟೇಪ ಕುಡಿ," ಅಂದಳು ಅವಳ ಜತೆಯವಳು.

ಮಧ್ಯಾಹ್ನ ಬ್ರ್ಯಾಂಡ್ ಸಾಹೇಬ ಮಗ್ಗದ ಹತ್ತಿರ ಬಂದ. ಒಡಲು ಮನೆಯಲ್ಲೇ ನೇಯ್ದು ತಂದಿದ್ದ ಶಿವಲಿಂಗವ್ವ ಕುಣಿಯಲ್ಲಿ ಕಾಲಿಟ್ಟು ಸೆರಗು ಶುರು ಮಾಡಿದ್ದಳು. ಬಿಳಿ ತೆನೆ ತರಲು ಮೂರು ಲಾಳಿ ಬೇಕು, ಎರಡು ಜತೆ ಕೈ ಬೇಕು. ಈ ಕಡೆಯಿಂದ ಅವಳು ಲಾಳಿ ದಾಟಿಸಿದರೆ ಆ ಕಡೆ ಅಮೀನಪ್ಪ ಹಿಡಿಯುತ್ತಿದ್ದ. ಒಂದು ಗೇಣು ಬಂದಿತ್ತು. ಕೆಂಪಿನ ನಡುವೆ ಮೊದಲ ಸಾಲು ತೆನೆ ಎದ್ದು ನಿಂತಿತ್ತು.

ಸಾಹೇಬ ನೋಡಿದ. ಮೊಬೈಲು ತೆಗೆದು ಇನ್ನೊಮ್ಮೆ ನೋಡಿದ.

"ಅಮ್ಮ, ಇದು ಕೆಂಪು."

"ಹೌದ್ರಿ."

"ಬಿಳಿ ಹಲ್ಲು ಬೇರೆ ಇದೆ."

"ಹಲ್ಲಲ್ರಿ. ತೆನಿ."

"ನೋಡಿ, ನಾಳೆ ಬೆಳಗ್ಗೆ ಒಂಬತ್ತಕ್ಕೆ ಉದ್ಘಾಟನೆ. ಮೇಲಿಂದ ಡ್ರೋನ್ ವಿಡಿಯೊ ತೆಗೀತಾರೆ. ಇಡೀ ಜಾಗದಲ್ಲಿ ಇದೊಂದೇ ಕೆಂಪು ಕಾಣುತ್ತೆ. ಅವರ ಗುರುತಿನ ಥರಾನೇ ಇದೆ. ದಯವಿಟ್ಟು ನೀಲಿ ಮಾಡಿಕೊಡಿ."

ಶಿವಲಿಂಗವ್ವ ಲಾಳಿ ಕೆಳಗಿಟ್ಟಳು. ಸಾಲಿಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಇದು ಬಣ್ಣ ಬಳಿದದ್ದಲ್ಲ. ಎಳೆಯೇ ಕೆಂಪು. ಒಂಬತ್ತು ದಿನ ಕೂತು ಕೊಂಡಿ ಹಾಕಿದ್ದೇನೆ. ನೀಲಿ ಬೇಕಾದರೆ ಇದು ಮುಗಿದ ಮೇಲೆ ಬೇರೆ ಹಾಸು ಹಾಕಬೇಕು, ಒಂದು ತಿಂಗಳು ಬೇಕು.

"ಇದನ್ನ ಕಟ್ ಮಾಡಿ ನೀಲಿ ದಾರ ಸೇರಿಸೋಕಾಗಲ್ವಾ?"

ಅಮೀನಪ್ಪ ತಲೆ ತಗ್ಗಿಸಿದ. ಅವನು ಅತ್ತಿಗೆಯ ಮುಖ ನೋಡಲಿಲ್ಲ.

"ಕೊಯ್ಯಂಗಿಲ್ರಿ," ಅಂದಳು ಶಿವಲಿಂಗವ್ವ.

"ಯಾಕೆ?"

"ಕೊಯ್ಯಂಗಿಲ್ಲ."

"ಸೀರೆ ನಷ್ಟ ಕಂಪನಿ ಕೊಡುತ್ತೆ."

ಅವಳು ಲಾಳಿ ಮತ್ತೆ ಕೈಗೆತ್ತಿಕೊಂಡಳು. ಸಾಹೇಬ ಚೀಲದಿಂದ ಟೇಪು ಕತ್ತರಿಸುವ ಕತ್ತರಿ ತೆಗೆದು ಮಗ್ಗದ ಮರದ ಮೇಲೆ ಇಟ್ಟ. ನೀಲಿ ಹಿಡಿಕೆಯ ಕತ್ತರಿ. "ನಾಳೆ ಎಂಟು ಗಂಟೆ ಒಳಗೆ. ದಯವಿಟ್ಟು," ಅಂದು ಹೋದ.

ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿ ಬಿಸಾಡುವ ಹಾಗೆ ಕಲ್ಲಿನ ಗುಡ್ಡೆ ಮೇಲೆ ಎಸೆದಳು. ಸಾಹೇಬನ ಆಳು ಓಡಿ ಹೋಗಿ ಆರಿಸಿಕೊಂಡ.

ಸಂಜೆ ವಿಜಯಮಹಾಂತೇಶ ಬಂದ. ಬೆವರುತ್ತಿದ್ದ.

"ಯಕ್ಕಾ, ನನ್ನ ಮುಂದಿನ ಕೆಲಸೆಲ್ಲಾ ಇವ್ರ ಕೈಯಾಗ ಐತಿ. ಒಂದ ಸೀರಿ ಅಷ್ಟ."

"ಸೆರಗು ಬೇಕಂದಾವ ಯಾರಲೇ?"

"ನಾನ."

"ನಿಮ್ಮವ್ವ ಯಾವ ಬಣ್ಣದ ಸೆರಗು ಹೊತ್ತು ನಿನ್ನ ಹಡದಾಳ?"

ಅವನು ಕುತ್ತಿಗೆಯ ಬೆವರು ಒರೆಸಿಕೊಂಡ. "ಮತ್ತ ನಾಳೆ ಏನ ಮಾಡ್ಲಿ?" ಅಂದ.

"ನೇಯ್ತೇನಿ. ಅದಕ್ಕ ಕರದೀ ಅಲಾ."

ಆ ರಾತ್ರಿ ಇಬ್ಬರೂ ಹುಚ್ಚವ್ವನ ಮನೆಯಲ್ಲಿ ಮಲಗಿದರು. ಬೆಳಗ್ಗೆ ಏಳಕ್ಕೆಲ್ಲ ಮಗ್ಗದ ಹತ್ತಿರ ಇದ್ದರು. ಶಿವಲಿಂಗವ್ವನಿಗೆ ಬಯಲಿಗೆ ಹೋಗಬೇಕಾಗಿತ್ತು. ಹಬ್ಬದ ಜಾಗದಲ್ಲಿ ನಲವತ್ತು ಪಾಯಖಾನೆಗಳಿದ್ದವು, ಎಲ್ಲ ನೀಲಿ. ಬಾಗಿಲಲ್ಲಿ ನಿಂತವನು ಕೈಯ ಪಟ್ಟಿ ತೋರಿಸು ಅಂದ. ಮಗ್ಗದವರಿಗೆ, ಕಸದವರಿಗೆ ಪಟ್ಟಿ ಕೊಟ್ಟಿರಲಿಲ್ಲ. ಅವುಗಳನ್ನು ತೊಳೆಯಲು ಮಾತ್ರ ಹುಚ್ಚವ್ವನ ಕಡೆಯವರನ್ನು ಒಳಗೆ ಬಿಡುತ್ತಿದ್ದರು. ಶಿವಲಿಂಗವ್ವ ಬೇಲಿ ದಾಟಿ, ಬಂಡೆಯ ಹಿಂದಕ್ಕೆ ಅರ್ಧ ಮೈಲು ಹೋಗಿ ಬಂದಳು. ಅಮೀನಪ್ಪ ಚಹಾ ತರಲು ಹೋಗಿದ್ದ.

ಅವಳು ತಿರುಗಿ ಬಂದಾಗ ಮಗ್ಗದ ಮೇಲೆ ಕೆಂಪು ಇರಲಿಲ್ಲ. ಕರಿ ಇತ್ತು.

ನೇಯ್ದ ಒಂದು ಗೇಣಿನ ಮೇಲೆ, ನೇಯಬೇಕಾದ ರೇಷ್ಮೆ ಎಳೆಗಳ ಮೇಲೆ, ಅಡ್ಡಕ್ಕೆ ಆರು ಪಟ್ಟಿ ಟೇಪು. ಅಂದವಾಗಿ, ಸಾಲು ತಪ್ಪದ ಹಾಗೆ ಹಚ್ಚಿದ್ದರು. ಸಾಹೇಬ ಕೈಯಲ್ಲಿ ಸುರುಳಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಕನಕಪ್ಪ ಬೇರೆ ಕಡೆ ನೋಡುತ್ತಿದ್ದ.

"ತಾತ್ಕಾಲಿಕ ಅಷ್ಟೇ ಅಮ್ಮ. ಭಾನುವಾರ ಸಂಜೆ ಕಿತ್ತುಬಿಡಿ. ಏನೂ ಆಗಲ್ಲ."

ಕಿತ್ತರೆ ಏನಾಗುತ್ತದೆ ಅಂತ ಶಿವಲಿಂಗವ್ವನಿಗೆ ಗೊತ್ತಿತ್ತು. ಟೇಪಿನ ಜತೆ ಎಳೆ ಬರುತ್ತದೆ. ಎಳೆಯ ಜತೆ ಕೊಂಡಿ ಬರುತ್ತದೆ. ಅವಳು ಮಗ್ಗದ ಮರ ಹಿಡಿದುಕೊಂಡಳು.

ಸಾಹೇಬ ಅವಳನ್ನು ನೋಡಿದ. ಅವಳು ಉಟ್ಟಿದ್ದೂ ಇಳಕಲ್ ಸೀರೆ. ಹಳೆಯದು, ಬಣ್ಣ ಹಾರಿದ್ದು. ಸೆರಗು ತಲೆಯ ಮೇಲಿತ್ತು. ಕೆಂಪು, ಬಿಳಿ ತೆನೆ.

"ಇದೂ ಇದೆಯಲ್ಲ," ಅಂದ. ಟೇಪು ಹರಿದ. "ಕನಕಪ್ಪ, ಅಮ್ಮಂಗೆ ಇಲ್ಲಿ ಎರಡು ಪಟ್ಟಿ ಹಾಕಿ."

"ಸಾಹೇಬ್ರ, ಅದು ಆಗಂಗಿಲ್ರಿ."

"ಯಾಕ್ರೀ?"

"ಹೆಣ್ಮಕ್ಕಳ ಸೆರಗಿಗೆ ಕೈ ಹಚ್ಚಂಗಿಲ್ರಿ. ನನ್ನ ಕೆಲಸದಿಂದ ತಗೀರಿ ಬೇಕಾದ್ರ."

ಈ ಸೀಮೆಯಲ್ಲಿ ಹೆಂಗಸಿನ ಸೆರಗಿಗೆ ಕೈ ಹಾಕಿದ ಅಂದರೆ ಅದಕ್ಕೆ ಎರಡು ಅರ್ಥವಿಲ್ಲ. ಅದಕ್ಕೆ ಬಡಿಗೆ ಎದ್ದಿವೆ, ತಲೆ ಒಡೆದಿವೆ. ಸಾಹೇಬನಿಗೆ ಅದು ಬಟ್ಟೆಯಾಗಿ ಕಂಡಿತು. ಬಟ್ಟೆಯ ಮೇಲೆ ಬಣ್ಣ ಇತ್ತು. ಅವನ ನೌಕರಿ ಬಣ್ಣ ಮುಚ್ಚುವುದು. "ದಯವಿಟ್ಟು ಒಂದು ನಿಮಿಷ," ಅಂದು ತಾನೇ ಎರಡು ಹೆಜ್ಜೆ ಮುಂದೆ ಬಂದ. ಎಡಗೈಯಲ್ಲಿ ಅವಳ ಹೆಗಲ ಮೇಲಿನ ಸೆರಗು ಎಳೆದು ಹಿಡಿದ. ಬಲಗೈಯಲ್ಲಿ ಟೇಪು ಹಚ್ಚಿ ಹೆಬ್ಬೆರಳಿನಿಂದ ತೀಡಿದ.

ಶಿವಲಿಂಗವ್ವ ಹೊಡೆದಳು.

ನಲವತ್ತು ವರ್ಷ ನೂಲು ಹಿಡಿದ ಕೈ. ಎರಡು ದಿನ ಕಲ್ಲು ಹೊತ್ತ ಕೈ. ಸಾಹೇಬನ ಕನ್ನಡಕ ಕುಣಿಯೊಳಗೆ ಬಿತ್ತು. ಅವನು ಕೆನ್ನೆ ಮುಟ್ಟಿಕೊಂಡ. ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು ಅವನ ಮುಖದಲ್ಲಿ. ತಾನು ಏನು ಮಾಡಿದೆ ಅಂತ ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. ತಿಳಿಯದವನಿಗೆ ಹೊಡೆಯಬಾರದಿತ್ತು ಅಂತ ಮೆತ್ತಗಿನವರು ಹೇಳಬಹುದು. ಹೇಳಲಿ. ಅವರ ಸೆರಗಿಗೆ ಯಾರೂ ಕೈ ಹಾಕಿಲ್ಲ.

ಅವಳು ಕುಣಿಗೆ ಇಳಿದಳು. ಕನ್ನಡಕ ಎತ್ತಿ ಅಂಚಿನ ಮೇಲೆ ಇಟ್ಟಳು. ಕೂತಳು.

ಹತ್ತು ನಿಮಿಷದಲ್ಲಿ ವಿಜಯಮಹಾಂತೇಶ ಓಡಿ ಬಂದ. ಅವನ ಹಿಂದೆ ಕಪ್ಪಂಗಿಯ ನಾಲ್ಕು ಜನ ಬಂದರು. ಹುಬ್ಬಳ್ಳಿಯಿಂದ ಕರೆಸಿದ ದಾಂಡಿಗರು.

"ಯಕ್ಕಾ, ಕೈ ಮುಗೀತೇನಿ. ಏಳು. ಕ್ಷಮಾ ಕೇಳಬ್ಯಾಡ, ಏನೂ ಬ್ಯಾಡ. ಮಗ್ಗ ಬಿಚ್ಚು. ಟೆಂಪೋ ತಂದೇನಿ."

"ಮಗ್ಗ ಬಿಚ್ಚಬೇಕಂದ್ರ ಹಾಸು ಕೊಯ್ಯಬೇಕು."

"ಬರೂ ಮುಂದ ಸುತ್ತಿ ತಂದೀ ಅಲಾ?"

"ಬರೂ ಮುಂದ ಇದಕ್ಕ ಟೇಪ್ ಇರಲಿಲ್ಲ. ಈಗ ಸುತ್ತಿದ್ರ ಎಲ್ಲಾ ಅಂಟಿ ಒಂದ ಮುದ್ದಿ ಆಕ್ಕೈತಿ. ಸೀರಿ ಮುಗೀಲಿ. ಏಳ್ತೇನಿ."

"ಯಾವಾಗ ಮುಗೀತದ?"

"ಟೇಪ ತಗದ ಮ್ಯಾಲ ಹೇಳ್ತೇನಿ."

ದಾಂಡಿಗರು ಕುಣಿಯ ಸುತ್ತ ನಿಂತರು. ಸೊಂಟದ ತನಕ ನೆಲದಲ್ಲಿ ಕೂತ ಹೆಂಗಸು. ಎತ್ತಬೇಕಾದರೆ ಕಂಕುಳಿಗೆ ಕೈ ಹಾಕಬೇಕು. ಕೆನ್ನೆ ಕೆಂಪಾದ ಸಾಹೇಬನನ್ನು ಅವರು ಆಗಲೇ ನೋಡಿದ್ದರು. ನಾಲ್ವರಲ್ಲಿ ಹಿರಿಯನು ಗಂಟಲು ಸರಿಪಡಿಸಿಕೊಂಡು, "ನಮಗ ಗಾಡಿ ನೋಡ್ಕೊಳ್ಳಾಕ ಹೇಳ್ಯಾರ," ಅಂದು ಉಳಿದವರನ್ನು ಕರೆದುಕೊಂಡು ಹೋದ.

ಅಷ್ಟರಲ್ಲಿ ಹುಚ್ಚವ್ವ ಪೊರಕೆ ಹಿಡಿದುಕೊಂಡೇ ಬಂದಿದ್ದಳು. ಹಿಂದೆ ಇಪ್ಪತ್ತು ಹೆಂಗಸರು. ಕನಕಪ್ಪ ಏನೂ ಮುಚ್ಚಿಡದೆ ಅವರಿಗೆ ಹೇಳಿದ. ಹುಚ್ಚವ್ವ ಸಾಹೇಬನ ಎದುರು ಹೋಗಿ ನಿಂತಳು. ನೀಲಿ ಟೀ ಶರ್ಟಿನ ಒಳಗಿನಿಂದ ತನ್ನ ಸೆರಗು ಹೊರಗೆ ಎಳೆದು ತಲೆ ಮೇಲೆ ಹೊದ್ದಳು. ಅದೂ ಕೆಂಪು. ಉಳಿದವರೂ ಒಬ್ಬೊಬ್ಬರಾಗಿ ಎಳೆದು ಹೊದ್ದರು. ಕೆಲವು ಮಗ್ಗದವು, ಹೆಚ್ಚಿನವು ಪೇಟೆಯ ಅಗ್ಗದ ಸೀರೆಗಳು. ಸೆರಗು ಮಾತ್ರ ಎಲ್ಲರದೂ ಕೆಂಪೇ.

"ಹಚ್ಚರಿ," ಅಂದಳು ಹುಚ್ಚವ್ವ. "ನಿಂತೇವಿ."

ಸಾಹೇಬ ಟೇಪಿನ ಸುರುಳಿ ಕೈಯಿಂದ ಕೈಗೆ ಬದಲಾಯಿಸಿದ. ಇನ್ನೊಂದು ಕೆನ್ನೆ ಅವನಿಗೆ ಉಳಿದಿತ್ತು, ಅದನ್ನು ಉಳಿಸಿಕೊಂಡ.

ಒಂಬತ್ತಕ್ಕೆ ಉದ್ಘಾಟನೆ. ಬೇರೆ ದಾರಿ ಕಾಣದೆ ಮಗ್ಗದ ಸುತ್ತ ಆಳೆತ್ತರದ ಕರಿ ಬಟ್ಟೆ ಕಟ್ಟಿಸಿದರು. ಮೇಲೂ ಹೊದಿಸಿದರು. ನೋಡಬಂದವರು ಕೇಳಿದರೆ ಒಳಗೆ ಜನರೇಟರ್ ಇದೆ ಅನ್ನಬೇಕು ಅಂತ ಕನಕಪ್ಪನಿಗೆ ಹೇಳಿದರು. ಅವನು ಹಾಗೇ ಹೇಳಿದ. ಒಳಗಿನಿಂದ ಖಟಕ್ ಖಟಕ್ ಶಬ್ದ ಕೇಳಿ ಒಬ್ಬ ಸವಾರ, "ಜನರೇಟರ್ ಕೆಟ್ಟಂಗ ಐತಲ್ಲೋ," ಅಂದ.

"ಕೆಟ್ಟಿಲ್ಲ," ಅಂದ ಕನಕಪ್ಪ. "ಸಿಟ್ಟಿಗೆದ್ದೈತಿ."

ಒಳಗೆ ಬೇಯುತ್ತಿತ್ತು. ಶಿವಲಿಂಗವ್ವ ಟೇಪು ಕೀಳಲಿಲ್ಲ. ಭಜಿ ಅಂಗಡಿಯ ಒಲೆಯಿಂದ ಹುಚ್ಚವ್ವ ಬೂದಿ ತಂದಳು. ಟೇಪಿನ ಅಂಚು ಉಗುರಿನಿಂದ ಎಬ್ಬಿಸಿ, ಅಂಟಿನ ಮೇಲೆ ಬೂದಿ ಉದುರಿಸಿ, ಒಂದು ಎಳೆ ಬಿಡಿಸಿ, ಮತ್ತೆ ಬೂದಿ ಉದುರಿಸಿ, ಮುಂದಿನ ಎಳೆ. ಆರು ಪಟ್ಟಿಗೆ ಮೂರು ತಾಸು. ಮೂವತ್ತೊಂದು ಎಳೆ ಹರಿದವು. ಮೂವತ್ತೊಂದನ್ನೂ ಉಗುಳು ಹಚ್ಚಿ ಹೊಸೆದಳು. ನೀರಿಲ್ಲದೆ ಬಾಯಿ ಒಣಗಿತ್ತು. ಕೊನೆಯ ಏಳೆಂಟು ಎಳೆಗೆ ಹುಚ್ಚವ್ವನೇ ಬೆರಳು ನಾಲಿಗೆಗೆ ಮುಟ್ಟಿಸಿ ಕೊಟ್ಟಳು.

ಅಮೀನಪ್ಪ ಬಟ್ಟೆಯ ಹೊರಗೆ ಕೂತಿದ್ದ. ಚಹಾ ತಂದವನು ದಾಂಡಿಗರನ್ನು ಕಂಡು ಅಲ್ಲೇ ನಿಂತಿದ್ದ, ಆಮೇಲೂ ಅವನಿಗೆ ಒಳಗೆ ಬರಲು ಕಾಲು ಬರಲಿಲ್ಲ. ಲಾಳಿ ದಾಟಿಸಲು ಆ ಕಡೆ ಕೈ ಬೇಕಾಗಿತ್ತು.

"ನಿನಗ ಬರತೈತೇನು?" ಅಂತ ಶಿವಲಿಂಗವ್ವ ಹುಚ್ಚವ್ವನನ್ನು ಕೇಳಿದಳು.

"ನಮ್ಮ ಮನ್ಯಾಗ ಕಂಬಳಿ ನೇಯ್ತಾರ. ಉಣ್ಣೀ ಲಾಳಿ ಹಿಡದೇನಿ. ಇದು ಬಾಳ ಸಣ್ಣೈತಿ."

"ಸಣ್ಣ ಇದ್ರ ಸಾವಕಾಶ ಹಿಡಿ."

ಟೀ ಶರ್ಟಿನ ಜೋಲುವ ತೋಳು ಎಳೆಗೆ ಸಿಕ್ಕುತ್ತಿತ್ತು. ಹುಚ್ಚವ್ವ ಅದನ್ನು ಬಿಚ್ಚಿ ಮಡಚಿ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಳು. ಬಟ್ಟೆಯ ಹೊರಗೆ ಕಾವಲಿಗೆ ಅಂತ ನಿಂತ ಹೆಂಗಸರೂ ಸೆಕೆ ಅಂತ ಬಿಚ್ಚಿದರು. ಆ ದಿನ ಯಾರೂ ಕಸ ಬಳಿಯಲಿಲ್ಲ. ಪಾಯಖಾನೆ ತೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಲವತ್ತರ ಕಡೆಯಿಂದಲೂ ನಾತದ ಗಾಳಿ ಬೀಸಿತು.

ಮೈಕಿನಲ್ಲಿ ಒಬ್ಬಳು ನಮ್ಮ ನೆಲ, ನಮ್ಮ ಪರಂಪರೆ ಅಂತ ಕೂಗುತ್ತಿದ್ದಳು. ಗಾಡಿಗಳು ಗುಡುಗಿದಾಗ ಹಾಸು ನಡುಗುತ್ತಿತ್ತು. ಶಿವಲಿಂಗವ್ವ ನಡುಕ ನಿಲ್ಲುವ ತನಕ ಕಾಯುತ್ತಿದ್ದಳು, ಆಮೇಲೆ ತುಳಿಯುತ್ತಿದ್ದಳು. ಲಾಳಿ ಹೋಯಿತು, ಬಂತು. ಎರಡನೇ ಸಾಲು ತೆನೆ ಎದ್ದಿತು. ಹುಚ್ಚವ್ವನ ತಪ್ಪಿನಿಂದ ಒಂದು ತೆನೆ ಸೊಟ್ಟ ಬಂತು.

"ಬಿಚ್ಚೂಣೇನು?"

"ಇರ್ಲಿ. ಹೊಲದಾಗ ಎಲ್ಲಾ ತೆನಿ ನೆಟ್ಟಗ ಇರ್ತಾವೇನು?"

ಸಂಜೆ ಐದಾಯಿತು. ಕೊನೆಯ ಕೆಂಪು ಎಳೆ ಹೊಕ್ಕಿತು. ಶಿವಲಿಂಗವ್ವ ನೇಯ್ಗೆ ಒತ್ತುವ ಹಲಗೆ ಎರಡು ಸಲ ಬಲವಾಗಿ ಬಡಿದಳು. ಒಂಬತ್ತು ಗಂಟೆ ಕುಣಿಯಲ್ಲಿದ್ದ ಕಾಲು ಮರಗಟ್ಟಿದ್ದವು. ಕೈಯಿಂದ ಎತ್ತಿ ಹೊರಗೆ ಇಟ್ಟುಕೊಂಡು ಎದ್ದಳು. ಕರಿ ಬಟ್ಟೆ ಸರಿಸಿದಳು.

ಬ್ರ್ಯಾಂಡ್ ಸಾಹೇಬ ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬೆಳಗಿನಿಂದ ಅಲ್ಲೇ ಇದ್ದ.

"ಈಗ ತಾ ನಿನ್ನ ಕತ್ತರಿ," ಅಂದಳು.

ಅವನು ಎದ್ದು ಬಂದ. ಚೀಲದಿಂದ ನೀಲಿ ಹಿಡಿಕೆಯ ಕತ್ತರಿ ತೆಗೆದು ಕೊಟ್ಟ. ಈ ಸಲ ದೂರದಿಂದ, ತೋಳು ಉದ್ದ ಮಾಡಿ ಕೊಟ್ಟ. ಅವಳು ಮಗ್ಗದ ಹತ್ತಿರ ಹೋಗಿ ಸೆರಗಿನ ಆಚೆ ನಾಲ್ಕು ಬೆರಳು ಗೊಂಡೆಗೆ ಬಿಟ್ಟು, ಅಂಚಿನಿಂದ ಅಂಚಿಗೆ ಒಂದೇ ಸಮ ಕೊಯ್ದಳು. ಸೀರೆ ಮಗ್ಗದಿಂದ ಬಿಟ್ಟು ಅವಳ ಮಡಿಲಿಗೆ ಬಂತು.

"ಇದಕ್ಕ ಕೊಯ್ಯೂದು ಅಂತಾರ," ಅಂದು ಕತ್ತರಿ ವಾಪಸು ಕೊಟ್ಟಳು.

ಸಾಹೇಬ ಕತ್ತರಿ ಚೀಲಕ್ಕೆ ಹಾಕಿಕೊಂಡ. ದಯವಿಟ್ಟು ಅನ್ನಲಿಲ್ಲ.

ಮಗ್ಗ ಬಿಚ್ಚಿ ಟೆಂಪೋಗೆ ಏರಿಸಿದರು. ವಿಜಯಮಹಾಂತೇಶ ಯಾರ ಮುಖವನ್ನೂ ನೋಡದೆ ಮರದ ಒಂದು ತುದಿ ಹಿಡಿದ. ಕುಣಿ ಮುಚ್ಚಬೇಕಲ್ಲ ಅಂತ ಯಾರೋ ಅಂದರು. ಶಿವಲಿಂಗವ್ವ ಕುಣಿ ಕಡೆ ಒಮ್ಮೆ ನೋಡಿದಳು. ಒಳಗೆ ಅವಳ ಪಾದದ ಗುರುತು ಎರಡು, ಸಮನಾಗಿ ಮೂಡಿದ್ದವು. "ತೋಡಿದವ್ರು ನಾವು. ಮುಚ್ಚೂದು ಕಲಿತಾವ ಅದಾನಲ್ಲ ನಿಮ್ಮಲ್ಲೆ," ಅಂದಳು.

ಹೆಂಗಸರೆಲ್ಲ ಕಮಾನಿನ ಕಡೆಗೆ ನಡೆದರು. ನಾಳೆ ಬರುತ್ತೀರಾ ಅಂತ ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಟೀ ಶರ್ಟುಗಳು ಕರಿ ಬಟ್ಟೆಯ ಹತ್ತಿರ ಬಿದ್ದಿದ್ದವು. ಶಿವಲಿಂಗವ್ವ ಹೊಸ ಸೀರೆ ಹೆಗಲ ಮೇಲೆ ಹಾಕಿಕೊಂಡಿದ್ದಳು. ಹಳೇ ಸೆರಗಿನ ಮೇಲೆ ಟೇಪು ಇನ್ನೂ ಇತ್ತು. ಅದನ್ನು ಅವಳು ಕಿತ್ತಿರಲಿಲ್ಲ. ನಾಳೆ ಯಾರಾದರೂ ಕೇಳಿದರೆ ತೋರಿಸಬೇಕು ಅಂತ ಇಟ್ಟುಕೊಂಡಿದ್ದಳು.

ಕಮಾನಿನ ಕೆಳಗೆ ಬಂದಾಗ ಅಮೀನಪ್ಪ ನಿಂತ. ಬಗ್ಗಿ ಎಡಗಾಲು ಎತ್ತಿ ಚಪ್ಪಲಿಯ ಟೇಪು ಕಿತ್ತ. ಬಲಗಾಲಿನದನ್ನೂ ಕಿತ್ತ. ಕಮಾನಿನ ಕಂಬದ ಮೇಲೆ ಝಂಝಾ ಅಂತ ನೀಲಿ ಅಕ್ಷರ ಇತ್ತು. ಟೇಪು ಅದರ ಮೇಲೆ ಒತ್ತಿದ. ನಿಲ್ಲಲಿಲ್ಲ. ಎರಡು ದಿನದ ಮಣ್ಣು ಹತ್ತಿ ಅಂಟು ಸತ್ತಿತ್ತು. ಮತ್ತೆ ಒತ್ತಿದ. ಮತ್ತೆ ಬಿತ್ತು. ಕನಕಪ್ಪ ನೋಡುತ್ತಿದ್ದ, ತಡೆಯಲಿಲ್ಲ. ಅಮೀನಪ್ಪ ಅತ್ತಿಗೆಯ ಕಡೆ ತಿರುಗಿದ.

"ಹಿಡೀವಲ್ತು."

ಶಿವಲಿಂಗವ್ವ ನಡೆಯುವುದನ್ನು ನಿಲ್ಲಿಸದೆ ಹೇಳಿದಳು.

"ಉಗುಳು ಹಚ್ಚು."

ಅವನು ಹಚ್ಚಿದ. ಹಿಡಿಯಿತು.